ಮಳೆನಾಡಿನ ಹಳೇ ಕೋವಿ

ಆಗಸ್ಟ್ ಕೊನೆಯ ವಾರ. ಮಡಿಕೇರಿ ಕಡೆಯ ಮನೆಗಳಲ್ಲಿ ಗೋಡೆ ಇನ್ನೂ ಬೆವರುತ್ತಿದೆ, ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿದಿದೆ. ನಾಟಿ ಮುಗಿಯಿತು, ಇನ್ನು ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಆಯುಧಗಳ ಹಬ್ಬ. ಕುಟುಂಬದ ಮೂಲಮನೆಯಾದ ಐನ್‌ಮನೆಯ ಜಗುಲಿಯಲ್ಲಿ ಹಳೇ ಪಂಚೆ ಹಾಸಿ ತಾತ ಕೋವಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಜೋಡುನಳಿಗೆಯ 12 ಬೋರ್ ಪಕ್ಕದಲ್ಲಿ ಅದರ ಸಣ್ಣ ತಮ್ಮನಂತೆ ಮಲಗಿದೆ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ರೈಫಲ್. ಊರವರ ಬಾಯಲ್ಲಿ ‘ಪಾಯಿಂಟ್ ಟೂಟೂ’. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳ ಚಿತ್ರವಿರುವ ಕಂಪನಿ ಮುದ್ರೆ ಅಂಗೈ ತಾಗಿ ತಾಗಿ ಸವೆದಿದೆ.

ಆ ಕಂಪನಿ ಹುಟ್ಟಿದ್ದು 1861ರಲ್ಲಿ. ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟದ್ದೂ ಅದೇ ವರ್ಷ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅದು ಇಂದಿಗೂ ಉಂಟು. ಈಗಿನ ಅವಧಿ 2029ರವರೆಗೆ. ತಾತನ ಬೀರುವಿನಲ್ಲಿ ವಿನಾಯಿತಿ ಪತ್ರ ಆಸ್ತಿಪತ್ರದ ಜತೆಗೇ ಇದೆ.

ಮೊಮ್ಮಗಳು ರೈಫಲ್ ಎತ್ತಿಕೊಂಡಳು.

“ಮೊದಲು ಬೋಲ್ಟ್ ಎಳೆದು ಒಳಗೆ ನೋಡು. ಖಾಲಿ ಇದ್ದರೂ ಟ್ರಿಗರ್ ಒತ್ತಬೇಡ ಮಗಳೇ.”

ದೊಡ್ಡ ರೈಫಲ್ಲಿನ ತೋಟೆಯಲ್ಲಿ ಕಿಡಿಮದ್ದು ಹಿಂಬದಿಯ ನಟ್ಟನಡುವೆ ಇರುತ್ತದೆ. ಟೂಟೂ ತೋಟೆಯಲ್ಲಿ ಅದು ಅಂಚಿನ ಟೊಳ್ಳಿನೊಳಗೆ, ಸುತ್ತಲೂ. ಬೋಲ್ಟಿನೊಳಗಿನ ಮೊಳೆ ಬಡಿಯಬೇಕಾದದ್ದು ಆ ಅಂಚಿಗೆ. ತೋಟೆ ಇಲ್ಲದಿದ್ದರೆ ಏಟು ನೇರ ನಳಿಗೆಯ ಬಾಯಿಯ ಉಕ್ಕಿಗೆ ಬೀಳುತ್ತದೆ. ಅಲ್ಲೊಂದು ತಗ್ಗು ಬಿದ್ದರೆ ಮುಂದೆ ತೋಟೆ ಸರಿಯಾಗಿ ಕೂರುವುದಿಲ್ಲ.

ಅವಳು ಬೋಲ್ಟ್ ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದಳು. ಸುರುಳಿಗೆರೆಗಳು ಮಿನುಗುತ್ತವೆ, ನಡುವೆ ಕಪ್ಪು ಚುಕ್ಕಿಗಳು. ಹಳೆಯ ಕಾಲದ ತೋಟೆಗಳ ಕಿಡಿಮದ್ದು ಹೊಡೆದ ಮೇಲೆ ಒಳಗೆ ಉಪ್ಪು ಉಳಿಸುತ್ತಿತ್ತು. ಉಪ್ಪು ಗಾಳಿಯ ತೇವ ಹೀರಿತು, ತುಕ್ಕು ಉಕ್ಕನ್ನು ತಿಂದಿತು. 1920ರ ದಶಕದ ಕೊನೆಯಿಂದ ಉಪ್ಪುಳಿಸದ ತೋಟೆಗಳು ಬಂದವು. ಹಳೇ ಚುಕ್ಕಿಗಳು ಮಾತ್ರ ಹೋಗಲಿಲ್ಲ.

ತಾತ ಕಡ್ಡಿಯನ್ನು ಹಿಂಬದಿಯಿಂದಲೇ ತೂರಿಸುತ್ತಾರೆ. ಮೂತಿಯಿಂದ ತೂರಿಸಿದರೆ ಅಂಚು ಸವೆದು ಗುರಿ ತಪ್ಪುತ್ತದೆ. ಮೊದಲ ಚಿಂದಿ ಕಪ್ಪಾಗಿ ಬಂತು, ಮುಂದಿನದು ಬೂದು, ಕೊನೆಯದು ಬಿಳಿ. ಉಕ್ಕಿಗೆ ತೆಳುವಾಗಿ ಎಣ್ಣೆ, ವಾಲ್‌ನಟ್ ಹಿಡಿಗೆ ಎರಡೇ ಹನಿ ಅಗಸೆ ಎಣ್ಣೆ. ಹೆಚ್ಚಾದ ಎಣ್ಣೆ ಇಳಿದು ಮರ ಮೆತ್ತಗಾಗುತ್ತದೆ. ಚರ್ಮದ ಕವರು ಗೋಡೆಯ ಮೊಳೆಗೇ ಸೀಮಿತ. ಅದರೊಳಗೆ ಮಳೆಗಾಲ ಕಳೆದ ಕೋವಿಗೆ ತುಕ್ಕು ಖಾತ್ರಿ.

ಹಬ್ಬದ ದಿನ ನಳಿಗೆಯ ತುದಿಗೆ ತೋಕ್‌ಪೂವಿನ, ಅಂದರೆ ಕೋವಿಹೂವಿನ, ಕೆಂಪು-ಹಳದಿ ಎಸಳು. ಪೂಜೆಯಾಯಿತು, ಕಡಂಬುಟ್ಟು-ಪಂದಿಕರಿ ಊಟವಾಯಿತು. ಬಯಲಿನಲ್ಲಿ ಎತ್ತರಕ್ಕೆ ಕಟ್ಟಿದ ತೆಂಗಿನಕಾಯಿ; ಮೈಕಿನಲ್ಲಿ ಟೂಟೂ ವಿಭಾಗದ ಕರೆ. ಪಕ್ಕದ ತೋಟದವರು ರೈಫಲ್ ಕಂಡು ಹುಬ್ಬೇರಿಸಿದರು.

“ಇಷ್ಟು ಹಳೇದನ್ನ ಇನ್ನೂ ಹೊಡೀತೀರಾ? ಶೋಕೇಸಿನಲ್ಲಿ ಇಡಿ ಮಾರಾಯ್ರೇ.”

“ಹೊಡೆದು ಕೆಟ್ಟದ್ದು ಕಡಿಮೆ, ಇಟ್ಟು ಕೆಟ್ಟದ್ದೇ ಜಾಸ್ತಿ,” ಎಂದು ತಾತ ತೋಟೆಯನ್ನು ಮೊಮ್ಮಗಳ ಕೈಗಿಟ್ಟರು. ಕಾಯಿ ಒಡೆದು ನೀರು ಚೆಲ್ಲಿತು. ಅವಳ ಹೆಸರು ಮುಂದಿನ ಸುತ್ತಿಗೆ ಬರೆದುಕೊಂಡರು.