ವಿದೇಶದಲ್ಲಿರುವ ಅಫ್ಘನ್ನರೆಲ್ಲ ತಾಲಿಬಾನ್ ಕಡೆಯವರೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಅಫ್ಘಾನಿಸ್ತಾನದ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಕೆಲವು ಮಾತುಗಳು ಹರಿದಾಡುತ್ತವೆ. ದೇಶ ಬಿಟ್ಟು ಬೇರೆಡೆ ನೆಲೆಸಿರುವ ಅಫ್ಘನ್ನರ ಮೇಲೂ ಅದೇ ಹಣೆಪಟ್ಟಿ ಅಂಟುತ್ತದೆ. ಅದರಲ್ಲಿ ನಿಜವೆಷ್ಟು, ಸುಳ್ಳೆಷ್ಟು? ಒಂದೊಂದಾಗಿ ನೋಡೋಣ.

‘ಅವರು ಅರಬ್ಬರು’

ತಪ್ಪು. ಅಫ್ಘಾನಿಸ್ತಾನದ ಪ್ರಮುಖ ಭಾಷೆಗಳು ದರಿ ಮತ್ತು ಪಶ್ತೋ. ದರಿ ಎಂದರೆ ಪರ್ಷಿಯನ್ ಭಾಷೆಯ ಒಂದು ರೂಪ. ಲಿಪಿ ಅರೇಬಿಕ್ ಮೂಲದ್ದಾದ್ದರಿಂದ ನಮಗೆ ಗೊಂದಲವಾಗುತ್ತದೆ. ದೇವನಾಗರಿಯಲ್ಲಿ ಬರೆದ ಮಾತ್ರಕ್ಕೆ ಮರಾಠಿ ಹಿಂದಿಯಾಗುವುದಿಲ್ಲವಲ್ಲ, ಇದೂ ಹಾಗೆಯೇ. ಅರಬ್ ಮೂಲದ ಒಂದು ಸಣ್ಣ ಸಮುದಾಯ ಅಲ್ಲಿದೆ, ಅಷ್ಟೆ.

‘ಎಲ್ಲರೂ ಪಠಾಣರು’

ಅರ್ಧಸತ್ಯ. ಪಠಾಣರು, ಅಂದರೆ ಪಶ್ತೂನರು, ಅಲ್ಲಿನ ದೊಡ್ಡ ಸಮುದಾಯ. ಆದರೆ 2004ರ ಸಂವಿಧಾನ ತಾಜಿಕ್, ಹಜಾರಾ, ಉಜ್ಬೆಕ್ ಸೇರಿದಂತೆ 14 ಸಮುದಾಯಗಳನ್ನು ಹೆಸರಿಸಿತ್ತು. ಅವುಗಳಲ್ಲಿ ಬ್ರಾಹುಯಿ ಕೂಡ ಒಂದು. ಬ್ರಾಹುಯಿ ಭಾಷೆ ನಮ್ಮ ಕನ್ನಡದಂತೆಯೇ ದ್ರಾವಿಡ ಕುಟುಂಬಕ್ಕೆ ಸೇರಿದ್ದು! ದೆಹಲಿಗೆ ಬಂದು ನೆಲೆಸಿದವರಲ್ಲಿ ಅಫ್ಘನ್ ಸಿಖ್ಖರು, ಹಿಂದೂಗಳೂ ಇದ್ದಾರೆ.

‘ಅಫ್ಘನ್’ ಎಂಬ ಪದಕ್ಕೆ ಹಿಂದೆ ಪಶ್ತೂನ್ ಎಂಬ ಅರ್ಥವೇ ಇತ್ತು. ಹಾಗಾಗಿ ಕೆಲವು ತಾಜಿಕರು, ಹಜಾರಾಗಳು ಇಂದಿಗೂ ಆ ಹೆಸರನ್ನು ಒಪ್ಪುವುದಿಲ್ಲ. ಇನ್ನು ‘ಅಫ್ಘಾನಿ’ ಎಂಬುದು ಅಲ್ಲಿನ ಹಣದ ಹೆಸರು. ಜನರನ್ನು ‘ಅಫ್ಘನ್ನರು’ ಎನ್ನುವುದೇ ಸರಿ.

‘ಎಲ್ಲಿ ಹೋದರೂ ತಾಲಿಬಾನಿಗಳೇ’

ಸುಳ್ಳು. 1979ರಲ್ಲಿ ಸೋವಿಯತ್ ಸೇನೆ ನುಗ್ಗಿದಾಗಿನಿಂದಲೂ ಜನ ದೇಶ ಬಿಡುತ್ತಲೇ ಇದ್ದಾರೆ. ಆಗ ತಾಲಿಬಾನ್ ಹುಟ್ಟಿಯೇ ಇರಲಿಲ್ಲ. 1996ರಲ್ಲಿ ಮತ್ತು 2021ರಲ್ಲಿ ತಾಲಿಬಾನ್ ಅಧಿಕಾರ ಹಿಡಿದ ಮೇಲೆ ಹೊರಟವರಲ್ಲಿ ಬಹಳಷ್ಟು ಮಂದಿ ಅದಕ್ಕೆ ಹೆದರಿಯೇ ಹೊರಟವರು. ಡೆನ್ಮಾರ್ಕ್ ಪರ ಫುಟ್‌ಬಾಲ್ ಆಡಿ, ವೈದ್ಯಕೀಯ ಓದಿದ ನಾದಿಯಾ ನದೀಮ್ ಹುಟ್ಟಿದ್ದು ಹೇರಾತ್‌ನಲ್ಲಿ. ಸೇನಾಧಿಕಾರಿಯಾಗಿದ್ದ ಅವರ ತಂದೆಯನ್ನು ತಾಲಿಬಾನಿಗಳು ಕೊಂದರು. ಆಮೇಲೆ ತಾಯಿ, ಹೆಣ್ಣುಮಕ್ಕಳೊಂದಿಗೆ ಡೆನ್ಮಾರ್ಕ್ ಸೇರಿದರು. ಇಂಥವರನ್ನು ‘ತಾಲಿಬಾನಿ’ ಎನ್ನುವುದೆಂದರೆ, ಯಾರಿಂದ ಜೀವ ಉಳಿಸಿಕೊಂಡು ಬಂದರೋ ಅವರ ಹೆಸರನ್ನೇ ಇವರಿಗೆ ಇಟ್ಟಂತೆ.

‘ಅವರ ಸಂಸ್ಕೃತಿ ಎಂದರೆ ಬುರ್ಖಾ’

ಇದೂ ಸರಿಯಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕಾಬೂಲ್‌ನ ವಿಶ್ವವಿದ್ಯಾಲಯವೊಂದರಲ್ಲಿ ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ ತೊಟ್ಟ ಮಹಿಳೆಯರ ತಾಲಿಬಾನ್ ಪರ ಚಿತ್ರಗಳು ಹರಡಿದವು. ಇದಕ್ಕೆ ಉತ್ತರವಾಗಿ ಇತಿಹಾಸ ತಜ್ಞೆ ಬಹಾರ್ ಜಲಾಲಿ ಹಸಿರು ಬಣ್ಣದ ಸಾಂಪ್ರದಾಯಿಕ ಉಡುಪಿನ ತಮ್ಮ ಫೋಟೊ ಹಾಕಿದರು. ನಾನಾ ದೇಶಗಳಲ್ಲಿರುವ ಅಫ್ಘನ್ ಮಹಿಳೆಯರು ಕಸೂತಿಯ ಬಣ್ಣಬಣ್ಣದ ಉಡುಪು ತೊಟ್ಟು ಅವರ ಜೊತೆಗೂಡಿದರು. ಮಾರ್ಚ್‌ನಲ್ಲಿ ಬರುವ ನವ್ರೋಜ್ ಹೊಸವರ್ಷವೂ ಅವರೊಂದಿಗೆ ಪರದೇಶಗಳಿಗೆ ಹೋಗಿದೆ. ಅಂದು ಏಳು ಬಗೆಯ ಒಣಹಣ್ಣು, ಬೀಜಗಳನ್ನು ನೀರಲ್ಲಿ ನೆನೆಸಿ ‘ಹಫ್ತ್ ಮೇವಾ’ ಮಾಡುತ್ತಾರೆ.

ಹಾಗಾದರೆ ನಾವೇನು ಮಾಡಬೇಕು?

ಮೈಸೂರು ವಿಶ್ವವಿದ್ಯಾಲಯದಲ್ಲೂ ಅಫ್ಘನ್ ವಿದ್ಯಾರ್ಥಿಗಳು ಓದಿದ್ದಾರೆ. ಇಂಥ ಫಾರ್ವರ್ಡ್ ನಂಬಿದ ಮನೆ ಮಾಲೀಕರು ಅವರಿಗೆ ಬಾಡಿಗೆಗೆ ಮನೆ ಕೊಡುವರೇ? ಸಹಪಾಠಿಗಳು ಪಕ್ಕದಲ್ಲಿ ಕೂರುವರೇ? ನಮ್ಮ ಒಂದು ಕ್ಲಿಕ್‌ನ ಭಾರ ಬೀಳುವುದು ಅವರ ಮೇಲೆ. ಮುಂದಿನ ಸಲ ಇಂಥ ವಿಡಿಯೊ ಬಂದರೆ ಮೂರು ಪ್ರಶ್ನೆ ಕೇಳಿ: ಇದು ಎಲ್ಲಿಯದು? ಯಾವಾಗಿನದು? ಇದರಲ್ಲಿರುವವರು ಯಾರು? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.