ಹ್ಯಾರಿಯೆಟ್ ಗಿರಣಿಯಿಂದ ಹೊರಬಿದ್ದ ದಿನ

ಹೆಣ್ಣುಮಕ್ಕಳನ್ನು ಕಾಯಲೆಂದು ಮಾಲೀಕರು ಕಟ್ಟಿಸಿದ ಮನೆಗಳಲ್ಲೇ ಅವರ ಮುಷ್ಕರವೂ ಹದಗೊಂಡಿತು. ಅಮೆರಿಕದ ಲೋವೆಲ್ ಊರಿನ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ.

ಮ್ಯಾಸಚೂಸೆಟ್ಸ್‌ನ ಮೆರಿಮ್ಯಾಕ್ ನದಿಯ ದಡದಲ್ಲಿ 1823ರಲ್ಲಿ ಹತ್ತಿ ಗಿರಣಿಗಳು ಶುರುವಾದವು. ಕೆಲಸಕ್ಕೆ ಬಂದವರು ಹೆಚ್ಚಾಗಿ ಸುತ್ತಲ ರೈತರ ಹೆಣ್ಣುಮಕ್ಕಳು. ಮದುವೆಯಾಗದ ಮಗಳನ್ನು ಪರವೂರಿಗೆ ಕಳಿಸಲು ಯಾವ ಅಪ್ಪ ಒಪ್ಪುತ್ತಾನೆ? ಅದಕ್ಕೇ ಕಂಪನಿಯ ವಸತಿಗೃಹ, ಮೇಲೊಬ್ಬ ಹಿರಿಯ ಹೆಂಗಸು, ರಾತ್ರಿ ಹತ್ತಕ್ಕೆ ಬಾಗಿಲು ಬಂದ್, ಭಾನುವಾರ ಚರ್ಚು. ದುಡಿಮೆ ವಾರಕ್ಕೆ ಸುಮಾರು 73 ಗಂಟೆ. ನೂಲು ಹರಿಯದಿರಲೆಂದು ಕಿಟಕಿ ಮುಚ್ಚಿಟ್ಟ ಸೆಕೆ ಬೇರೆ. ಇಳಕಲ್ಲಿನ ನೇಕಾರರ ಮನೆಯವಳಾದ ನನಗೆ ಮಗ್ಗದ ಸದ್ದು ಹೊಸದಲ್ಲ. ಆದರೂ ಅಲ್ಲಿನ ಬೂಟ್ ಗಿರಣಿಯ ಮ್ಯೂಸಿಯಂನಲ್ಲಿ ಯಂತ್ರಮಗ್ಗ ಓಡಿಸಿದಾಗ ನೆಲವೇ ಅದುರಿತು.

ಮತ್ತೇಕೆ ಬಂದರು? ಗಂಡನಿದ್ದವಳ ಗಳಿಕೆ ಕಾನೂನಿನಂತೆ ಗಂಡನದೇ ಆಗಿದ್ದ ಕಾಲವದು. ಇವರ ಸಂಬಳ ಇವರ ಕೈಗೇ ಬರುತ್ತಿತ್ತು. ಗಿರಣಿಯೊಳಗೆ ಪುಸ್ತಕ ತರುವಂತಿರಲಿಲ್ಲ, ಹಾಳೆಗಳನ್ನು ಕಿಟಕಿಗೆ ಅಂಟಿಸಿಕೊಂಡು ಓದಿದರು. 1840ರಿಂದ ‘ಲೋವೆಲ್ ಆಫರಿಂಗ್’ ಎಂಬ ಪತ್ರಿಕೆಗೆ ತಾವೇ ಬರೆದರು. ಅವರು ನೂಲುತ್ತಿದ್ದ ಹತ್ತಿ ಮಾತ್ರ ದಕ್ಷಿಣದಲ್ಲಿ ಗುಲಾಮ ಹೆಂಗಸರೂ ಗಂಡಸರೂ ಬಿಡಿಸಿದ್ದು. ಇದನ್ನು ಬಿಟ್ಟು ಲೋವೆಲ್ಲನ್ನು ಹೊಗಳಲು ನನಗೆ ಮನಸ್ಸಿಲ್ಲ.

1834ರಲ್ಲಿ ಕೂಲಿ ಕಡಿತದ ವಿರುದ್ಧ ಹುಡುಗಿಯರು ಒಮ್ಮೆ ಕೆಲಸ ನಿಲ್ಲಿಸಿ ಸೋತಿದ್ದರು. 1836ರಲ್ಲಿ ಊಟ-ವಸತಿಯ ಖರ್ಚು ಏರಿತು. ಒಂದೇ ಮೇಜಿನಲ್ಲಿ ಉಂಡು, ಒಂದೇ ಕೋಣೆಯಲ್ಲಿ ಮಲಗುವವರಿಗೆ ಮಾತಾಡಿಕೊಳ್ಳಲು ಬೇರೆ ಸಭೆ ಬೇಕೆ? ಹ್ಯಾರಿಯೆಟ್ ಹ್ಯಾನ್ಸನ್‌ಗೆ ಆಗ ಹನ್ನೊಂದು ವರ್ಷ. ತುಂಬಿದ ಕಂಡಿಕೆ ತೆಗೆದು ಖಾಲಿಯದನ್ನು ಹಾಕುವುದು ಅವಳ ಕೆಲಸ. ಮುಷ್ಕರದ ದಿನ ದೊಡ್ಡವರು ಹಿಂದೆಮುಂದೆ ನೋಡುತ್ತ ನಿಂತಾಗ, ನೀವು ಬನ್ನಿ ಬಿಡಿ, ನಾನಂತೂ ಹೋಗುವವಳೇ ಎಂದು ಹೊರಟಳು. ತಿರುಗಿ ನೋಡಿದರೆ ಹಿಂದೆ ಸಾಲೇ ಬರುತ್ತಿತ್ತು. ಅವಳ ತಾಯಿ ವಿಧವೆ, ಕಂಪನಿಯ ವಸತಿಗೃಹವೊಂದನ್ನು ನಡೆಸುತ್ತಿದ್ದಳು. ಸ್ವಂತ ಮಗಳನ್ನಾದರೂ ಹಿಡಿದಿಡಬಹುದಿತ್ತಲ್ಲ ಎಂದು ಆಕೆಯನ್ನು ಕೆಲಸದಿಂದ ತೆಗೆದರು.

ಮುಂದೆ ಸಾರಾ ಬ್ಯಾಗ್ಲಿ ಎಂಬ ಗಿರಣಿ ಕೆಲಸಗಾರ್ತಿಯ ನಾಯಕತ್ವದಲ್ಲಿ ಸಂಘ ಕಟ್ಟಿದವರು ದಿನಕ್ಕೆ ಹತ್ತೇ ಗಂಟೆ ದುಡಿಮೆ ಬೇಕೆಂದು ಅರ್ಜಿ ಹಾಕಿದರು. 1845ರಲ್ಲಿ ಶಾಸಕರ ಸಮಿತಿಯೆದುರು ಸಾಕ್ಷಿ ನುಡಿದರು. ಕಾನೂನು ಬೇಡವೆಂದಿತು ಸಮಿತಿ. ಆ ಕಾನೂನು ಬಂದದ್ದು 1874ರಲ್ಲಿ. ಅಷ್ಟರಲ್ಲಿ ರೈತರ ಮಕ್ಕಳು ಬಹುಪಾಲು ಗಿರಣಿ ಬಿಟ್ಟಿದ್ದರು. ಮಗ್ಗದ ಮುಂದೆ ಐರ್ಲೆಂಡ್, ಕೆನಡಾಗಳಿಂದ ವಲಸೆ ಬಂದ ಹೆಂಗಸರಿದ್ದರು.