ಟ್ರಾಫಿಕ್: ಎಣಿಕೆಗೆ ಸಿಗದ ಸಂಚಾರ

‘ಟ್ರಾಫಿಕ್ ಇತ್ತು, ತಡವಾಯಿತು’ ಎಂದು ಬೆಂಗಳೂರಿನಲ್ಲಿ ಯಾರಾದರೂ ಹೇಳಿದರೆ ವಾಹನಗಳು ಚಲಿಸುತ್ತಿರಲಿಲ್ಲ ಎಂದೇ ಅರ್ಥ. ಪೊಲೀಸ್ ಠಾಣೆಯ ಫಲಕದಲ್ಲಿ ಅದೇ ಪದ ‘ಸಂಚಾರ’ವಾಗುತ್ತದೆ. ರಾಗಕ್ಕೂ ಗ್ರಹಕ್ಕೂ ಸಲ್ಲುವ ಈ ಪದದಲ್ಲಿ ಚಲನೆಯಿದೆ. ನಿಂತ ಸಂಚಾರವೆಂಬುದು ವದತೋವ್ಯಾಘಾತ. ಪತ್ರಿಕೆಗಳು ‘ವಾಹನ ದಟ್ಟಣೆ’ ಎಂದು ಬರೆದು ಈ ಇಕ್ಕಟ್ಟಿನಿಂದ ಪಾರಾಗಿವೆ.

16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಈ ಪದಕ್ಕೆ ವ್ಯಾಪಾರವೆಂಬ ಅರ್ಥವಿತ್ತು. ರಸ್ತೆಯ ಓಡಾಟವೆಂಬ ಅರ್ಥ ಕೂಡಿಕೊಂಡದ್ದು 19ನೇ ಶತಮಾನದಲ್ಲಿ. ಹಳೆಯ ಅರ್ಥ ನಮ್ಮ ಸಂವಿಧಾನದ 23ನೇ ವಿಧಿಯಲ್ಲಿ ಉಳಿದಿದೆ. ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುವ ಆ ವಿಧಿಯ ಇಂಗ್ಲಿಷ್ ಪಾಠದಲ್ಲಿರುವುದು ‘ಟ್ರಾಫಿಕ್’ ಎಂಬ ಪದವೇ. ಅದನ್ನು ‘ಮಾನವ ಕಳ್ಳಸಾಗಣೆ’ ಎಂದೊಡನೆ ಗಡಿಯೂ ಲಾರಿಯೂ ಕಣ್ಣಿಗೆ ಕಟ್ಟುತ್ತವೆ. ಕಾನೂನಿನ ಪ್ರಕಾರ ಶೋಷಣೆಗಾಗಿ ಒಬ್ಬರನ್ನು ವಂಚಿಸಿ ಇರಿಸಿಕೊಂಡರೂ ಸಾಕು, ಊರು ದಾಟಿಸಬೇಕಿಲ್ಲ.

ಸರ್ಕಾರಿ ಕಡತಗಳಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ: ಎಣಿಕೆ. ರಸ್ತೆ ಅಗಲಿಸಬೇಕೆ, ಸೇತುವೆ ಬೇಕೆ ಎಂಬ ಪ್ರಶ್ನೆ ಬಂದಾಗ ವಾಹನಗಳನ್ನು ಎಣಿಸಿ ಕಾರಿನ ಮಾನಕ್ಕೆ ಇಳಿಸುತ್ತಾರೆ. ಗ್ರಾಮಾಂತರ ರಸ್ತೆಗಳ ಲೆಕ್ಕದಲ್ಲಿ ಒಂದು ಬಸ್ಸು ಮೂರು ಕಾರಿಗೆ ಸಮ. ಅದರೊಳಗೆ ಐವತ್ತು ಜನರಿದ್ದರೂ ಅಷ್ಟೇ!

ಈ ಲೆಕ್ಕದ ಮಿತಿಯನ್ನು ಸಾಗರ ತಾಲ್ಲೂಕಿನ ಬ್ಯಾಕೋಡಿನಷ್ಟು ಚೆನ್ನಾಗಿ ತೋರಿಸುವ ಊರು ಅಪರೂಪ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿತು. ನಾಡಿಗೆ ವಿದ್ಯುತ್ ಬಂತು. ತುಮರಿ, ಬ್ಯಾಕೋಡು ಕಡೆಯವರಿಗೆ ತಾಲ್ಲೂಕು ಕೇಂದ್ರದ ನೇರ ದಾರಿ ಮುಳುಗಿತು. ಹೊಳೆಬಾಗಿಲಿಗೂ ಕಳಸವಳ್ಳಿಗೂ ನಡುವೆ ಉಳಿದದ್ದು ಲಾಂಚ್ ಒಂದೇ. ಸಂಜೆಯಾದರೆ ಅದು ನಿಲ್ಲುತ್ತಿತ್ತು. ನೀರು ತಗ್ಗಿದ ಬೇಸಿಗೆಯಲ್ಲಿ ವಾಹನ ಹತ್ತಿಸದೆ ಇದ್ದದ್ದೂ ಉಂಟು. ಇಲ್ಲವಾದರೆ ಕಾಡಿನ ಸುತ್ತುದಾರಿ.

ಅಂಥ ದಡದಲ್ಲಿ ಕುಳಿತು ವಾಹನ ಎಣಿಸಿದರೆ ದೊರೆಯುವುದು ಲಾಂಚಿನ ಸಾಮರ್ಥ್ಯವೇ ಹೊರತು ಜನರ ಅಗತ್ಯವಲ್ಲ. ಹೊರಡಲೇ ಇಲ್ಲದ ರೋಗಿ, ಸಾಗರದ ಕಾಲೇಜಿನ ಆಸೆ ಬಿಟ್ಟ ಹುಡುಗಿ, ಸಿಕ್ಕ ದರಕ್ಕೆ ಅಲ್ಲಿಯೇ ಅಡಿಕೆ ಮಾರಿದ ರೈತ ಯಾವ ನಮೂನೆಯಲ್ಲೂ ದಾಖಲಾಗುವುದಿಲ್ಲ. ಅರ್ಥಶಾಸ್ತ್ರದಲ್ಲಿ ಬೇಡಿಕೆಗೆ ಕೊಳ್ಳುವ ಶಕ್ತಿ ಬೇಕು ಎನ್ನುತ್ತಾರೆ. ಇಲ್ಲಿ ಶಕ್ತಿಯಿದ್ದವನಿಗೂ ದಾಟುವ ಮಾರ್ಗವಿರಲಿಲ್ಲ. ದಡದಲ್ಲಿ ವಾಹನಗಳ ಸಾಲು ಬೆಳೆದದ್ದು ಸಿಗಂದೂರಿನ ಚೌಡೇಶ್ವರಿ ದೇವಿಯ ಭಕ್ತರು ಹೆಚ್ಚಿದ ಮೇಲೆ. ದೇವಿಯ ಕೃಪೆ ದೊಡ್ಡದು. ಆದರೆ ಮುಳುಗಡೆಯವರ ಹಕ್ಕು ಅದಕ್ಕಿಂತ ಹಳೆಯದಾಗಿತ್ತು.

ಸುಮಾರು 470 ಕೋಟಿ ರೂಪಾಯಿ ವೆಚ್ಚದ, ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಣೆಕಟ್ಟೆಗೂ ಸೇತುವೆಗೂ ನಡುವೆ 61 ವರ್ಷ.

‘ಸಂಚಾರ ಕಡಿಮೆ’ ಎಂಬ ಷರಾ ಮಲೆನಾಡಿನ ಎಷ್ಟೋ ರಸ್ತೆ, ಕಾಲುಸಂಕ, ಬಸ್ಸುಗಳ ಬೇಡಿಕೆಯನ್ನು ಹಿಂದಕ್ಕೆ ಕಳಿಸುತ್ತದೆ. ಅದನ್ನು ಬರೆಯುವ ಮುನ್ನ ದಾಟಿದವರ ಜತೆಗೆ ಕಾದವರನ್ನೂ, ತಿರುಗಿ ಹೋದವರನ್ನೂ ಮನೆಮನೆಯಲ್ಲಿ ವಿಚಾರಿಸಿ ದಾಖಲಿಸುವ ಕ್ರಮ ಬರಬೇಕು. ಹೊಸ ಸೇತುವೆಯ ಮೇಲೂ ರಾತ್ರಿಯ ಎಣಿಕೆಯನ್ನು ಪ್ರತ್ಯೇಕವಾಗಿ ಇಡುವುದು ಒಳ್ಳೆಯದು. ಹಬ್ಬದ ದಿನದ ಕಾರುಗಳ ಮೊತ್ತದಲ್ಲಿ, ನಡುರಾತ್ರಿ ಬ್ಯಾಕೋಡಿನಿಂದ ಸಾಗರದ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ಬರೀ ಒಂದು ವಾಹನ.